ಮಗುವಿಗೆ ಫಿಟ್ಸ್ ಬಂದರೆ: ಮೊದಲ ಐದು ನಿಮಿಷದಿಂದ ಔಷಧಿ ನಿಲ್ಲಿಸುವ ದಿನದವರೆಗೆ

ಮೊದಲು ಗಡಿಯಾರ ನೋಡಿ. ಮಗುವಿನ ಕೈಕಾಲು ಸೆಟೆದು ಅದುರುತ್ತಿರುವಾಗ ಇದು ಸುಲಭಕ್ಕೆ ಹೊಳೆಯುವುದಿಲ್ಲ, ಆದರೆ ಮುಂದಿನ ನಿರ್ಧಾರಗಳೆಲ್ಲ ಸಮಯದ ಮೇಲೆಯೇ ನಿಂತಿವೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾವಾಗಿ ನಿಲ್ಲುತ್ತವೆ. ಐದು ನಿಮಿಷ ದಾಟಿದ್ದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ಅದಕ್ಕೇ ಎಪಿಲೆಪ್ಸಿ, ಅಂದರೆ ಮೂರ್ಛೆರೋಗದ ತಜ್ಞರ ಜಾಗತಿಕ ಸಂಘಟನೆಯಾದ ಇಂಟರ್‌ನ್ಯಾಷನಲ್ ಲೀಗ್ ಅಗೇನ್ಸ್ಟ್ ಎಪಿಲೆಪ್ಸಿ 2015ರಲ್ಲಿ ಮೈಯೆಲ್ಲ ಅದುರುವ ಫಿಟ್ಸ್‌ಗೆ ಐದು ನಿಮಿಷವನ್ನು ಚಿಕಿತ್ಸೆ ಶುರುಮಾಡುವ ಗಡಿಯೆಂದೂ, ಮೂವತ್ತು ನಿಮಿಷವನ್ನು ಮೆದುಳಿಗೆ ದೀರ್ಘಕಾಲದ ಹಾನಿಯಾಗಬಹುದಾದ ಗಡಿಯೆಂದೂ ಗುರುತಿಸಿತು.

ಆ ಐದು ನಿಮಿಷದಲ್ಲಿ

ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ. ತಲೆಯಡಿ ಮಡಚಿದ ಟವೆಲ್ ಇಡಿ, ಕತ್ತಿನ ಗುಂಡಿ ಸಡಿಲಿಸಿ, ಸುತ್ತಲಿನ ಸ್ಟೂಲು, ಪಾತ್ರೆ ಸರಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯೊಳಗೆ ಚಮಚ, ಬೆರಳು, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮಲ್ಲಿ ಇನ್ನೂ ನಡೆದಿದೆ. ಅಷ್ಟು ಹೊತ್ತಿಗೆ ಫಿಟ್ಸ್ ತಾನಾಗಿ ನಿಲ್ಲುವುದರಿಂದ ಅದರಿಂದಲೇ ನಿಂತಿತು ಅನ್ನಿಸುತ್ತದೆ, ಅಷ್ಟೆ. ಆ ಕೈಯಲ್ಲಿ ಮೊಬೈಲ್ ಹಿಡಿದು ವೀಡಿಯೊ ಮಾಡಿದರೆ ಮಗುವಿಗೆ ನಿಜವಾದ ಉಪಕಾರ.

ಒಮ್ಮೆ ಫಿಟ್ಸ್ ಬಂದು ಮತ್ತೆ ಬರುವ ಸಂಭವವಿರುವ ಮಕ್ಕಳ ಮನೆಯಲ್ಲಿ, ಐದು ನಿಮಿಷ ದಾಟಿದ ಫಿಟ್ಸ್ ನಿಲ್ಲಿಸುವ ಔಷಧಿ ಮಿಡಜೊಲಾಮ್ ಇರಬೇಕು. ಬ್ರಿಟನ್ನಿನ ತುರ್ತು ವಿಭಾಗಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆನ್ನೆಯೊಳಗೆ ಹಾಕಿದ ಮಿಡಜೊಲಾಮ್ 56 ಶೇಕಡಾ ಪ್ರಸಂಗಗಳಲ್ಲಿ ಕೆಲಸ ಮಾಡಿತು. ಗುದದ್ವಾರದ ಮೂಲಕ ಕೊಟ್ಟ ಡಯಾಜೆಪಾಮ್ 27 ಶೇಕಡಾದಲ್ಲಿ ಮಾತ್ರ. ನಮ್ಮಲ್ಲಿ ಮೂಗಿಗೆ ಹೊಡೆಯುವ ಸ್ಪ್ರೇ ಸಿಗುತ್ತದೆ. ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ಎಷ್ಟು ಸಲ ಒತ್ತಬೇಕೆಂದು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ, ಒಮ್ಮೆ ಅವರ ಮುಂದೆಯೇ ಸ್ಪ್ರೇ ಹಿಡಿದು ತೋರಿಸಿ. ಮಗು ಬೆಳೆದಂತೆ ಪ್ರಮಾಣ ಬದಲಾಗಬೇಕು, ಬಾಟಲಿಯ ಅವಧಿಯೂ ಮುಗಿಯುತ್ತದೆ. ಇವೆರಡನ್ನೂ ಮರೆಯುವ ಮನೆಗಳೇ ಹೆಚ್ಚು.

ಐದು ನಿಮಿಷ ದಾಟಿದರೆ, ಒಂದು ಮುಗಿದು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಇದೇ ಜೀವನದ ಮೊದಲ ಫಿಟ್ಸ್ ಆಗಿದ್ದರೆ, ಮಗುವಿಗೆ ಆರು ತಿಂಗಳು ತುಂಬಿರದಿದ್ದರೆ, ಜ್ವರದ ಜೊತೆ ಕತ್ತು ಬಿಗಿದಿದ್ದರೆ ಅಥವಾ ಉಸಿರಾಟ ಸರಿಯಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹತ್ತಿರದ ಆಸ್ಪತ್ರೆಗೇ ಹೋಗಿ, ದೂರದ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೊರಡಬೇಡಿ. ಮಿಡಜೊಲಾಮ್ ಜಾತಿಯ ಔಷಧಿಗೆ ನಿಲ್ಲದ ಫಿಟ್ಸ್‌ಗೆ ಲೆವಟಿರಸಿಟಾಮ್, ಫಾಸ್‌ಫೆನಿಟಾಯಿನ್, ವಾಲ್‌ಪ್ರೋಯೇಟ್ ಮೂರನ್ನೂ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2019ರಲ್ಲಿ ಬಂತು. ಮೂರೂ ಸರಿಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕೆಲಸ ಮಾಡಿದವು, ಒಂದು ಇನ್ನೊಂದಕ್ಕಿಂತ ಮೇಲಲ್ಲ. ಯಾವುದು ಬೇಗ ಸಿಗುತ್ತದೋ ಅದು ಬೇಗ ಮೈಸೇರುವುದೇ ಮುಖ್ಯ.

ಕಂಡದ್ದನ್ನು ಬರೆದಿಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಮೂರ್ಛೆರೋಗವನ್ನು ಪತ್ತೆಹಚ್ಚುವುದು ಯಂತ್ರವಲ್ಲ, ಕಣ್ಣಾರೆ ಕಂಡವರ ವಿವರಣೆ. ವೈದ್ಯರು ಫಿಟ್ಸ್ ನೋಡುವುದೇ ಅಪರೂಪ, ಅವರ ಮುಂದೆ ಬಂದು ಕೂರುವಾಗ ಮಗು ಆರಾಮಾಗಿರುತ್ತದೆ. “ಫಿಟ್ಸ್ ಬಂತು ಸಾರ್, ಕಣ್ಣು ಮೇಲೆ ಮಾಡಿದ” ಎಂದಷ್ಟೇ ಹೇಳಿದರೆ ಅವರಿಗೆ ಏನೂ ಸಿಗದು. ಹೀಗೆ ಬರೆದಿಟ್ಟು ನೋಡಿ:

“ಮಂಗಳವಾರ ಬೆಳಗಿನ ಜಾವ 5.20. ನಿದ್ದೆಯಿಂದ ಎದ್ದು ಕೂತ. ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಜೊಲ್ಲು ಸುರಿಯುತ್ತಿತ್ತು. ಮಾತಾಡಲು ನೋಡಿದ, ಗೊರಗೊರ ಶಬ್ದ ಬಿಟ್ಟು ಏನೂ ಹೊರಡಲಿಲ್ಲ. ನಮ್ಮನ್ನೇ ನೋಡುತ್ತಿದ್ದ. ಆಮೇಲೆ ಬಲಗೈ ಅದುರಿತು. ಒಟ್ಟು ಎರಡು ನಿಮಿಷ. ಜ್ವರ ಇರಲಿಲ್ಲ. ಹಿಂದಿನ ರಾತ್ರಿ ಮದುವೆ ಮನೆಯಿಂದ ಬಂದು ಮಲಗಿದ್ದು ತಡ.”

ಎಂಟು ವರ್ಷದ ಹುಡುಗನ ಬಗ್ಗೆ ಇಷ್ಟು ಸಿಕ್ಕರೆ ಮಕ್ಕಳ ನರರೋಗ ತಜ್ಞರು ಅರ್ಧ ದಾರಿ ಮುಗಿಸಿದಂತೆ. ನಿದ್ದೆಯ ಹೊತ್ತು, ಬಾಯಿಯ ಒಂದು ಬದಿ, ಜೊಲ್ಲು, ಎಚ್ಚರವಿದ್ದರೂ ಮಾತಿಲ್ಲ: ಇದು ರೊಲ್ಯಾಂಡಿಕ್ ಎಪಿಲೆಪ್ಸಿಯ ಲಕ್ಷಣ. ಹದಿಹರೆಯ ಮುಗಿಯುವ ಮೊದಲೇ ತಾನಾಗಿ ಬಿಟ್ಟುಹೋಗುವ ಜಾತಿ ಇದು. ಎಷ್ಟೋ ಮಕ್ಕಳಿಗೆ ದಿನನಿತ್ಯದ ಔಷಧಿಯೂ ಬೇಕಾಗುವುದಿಲ್ಲ.

ವೀಡಿಯೊದಲ್ಲಿ ಮುಖ ಮತ್ತು ನಾಲ್ಕೂ ಕೈಕಾಲು ಕಾಣಲಿ, ಹೊದಿಕೆ ಸರಿಸಿ, ಲೈಟ್ ಹಾಕಿ. ಹೆಸರು ಕೂಗಿ, ಮಗು ತಿರುಗಿ ನೋಡುತ್ತದೆಯೇ ಎಂಬುದೂ ದಾಖಲಾಗುತ್ತದೆ. ಮುಗಿದ ತಕ್ಷಣ ನಿಲ್ಲಿಸಬೇಡಿ. ನಂತರದ ಒಂದೆರಡು ನಿಮಿಷದಲ್ಲಿ ಒಂದು ಕೈ ಸೋತು ಬಿದ್ದಿದ್ದರೆ ಅದೂ ದೊಡ್ಡ ಸುಳಿವು.

ಎಲ್ಲ ಫಿಟ್ಸೂ ಮೂರ್ಛೆರೋಗವಲ್ಲ

ಡೆನ್ಮಾರ್ಕ್‌ನ ಎಪಿಲೆಪ್ಸಿ ಕೇಂದ್ರವೊಂದಕ್ಕೆ ದಾಖಲಾದ 223 ಮಕ್ಕಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ 39 ಶೇಕಡಾ ಮಕ್ಕಳಿಗೆ ಮೂರ್ಛೆರೋಗ ಇರಲೇ ಇಲ್ಲ ಎಂದು 2006ರಲ್ಲಿ ವರದಿಯಾಯಿತು. ಹಟ ಮಾಡಿ ಅತ್ತು ಉಸಿರು ಕಟ್ಟಿ ನೀಲಿಯಾಗುವ ಕೂಸು, ಪ್ರಾರ್ಥನೆಯ ಸಾಲಿನಲ್ಲಿ ನಿಂತು ತಲೆಸುತ್ತಿ ಬಿದ್ದ ಹುಡುಗಿ, ರಾತ್ರಿ ಚೀರಿ ಎದ್ದು ಯಾರನ್ನೂ ಗುರುತಿಸದ ಮಗು, ಮನಸ್ಸಿನ ಒತ್ತಡದಿಂದ ಬರುವ ಫಿಟ್ಸ್‌ನಂಥ ಅಲುಗಾಟ: ಇವೆಲ್ಲ ಬೇರೆ, ಇವುಗಳ ಚಿಕಿತ್ಸೆಯೂ ಬೇರೆ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಜ್ವರದಲ್ಲಿ ಬರುವ ಫಿಟ್ಸ್ ಸಾಮಾನ್ಯ. ಮೈಯೆಲ್ಲ ಒಟ್ಟಿಗೆ ಅದುರಿ, ಹದಿನೈದು ನಿಮಿಷದೊಳಗೆ ಮುಗಿದು, ಒಂದು ದಿನದಲ್ಲಿ ಒಮ್ಮೆ ಮಾತ್ರ ಬಂದಿದ್ದರೆ ಅದು ಸರಳ ಜ್ವರದ ಫಿಟ್ಸ್. ಮೂವರಲ್ಲಿ ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮತ್ತೆ ಬರಬಹುದು, ಆದರೆ ಮುಂದೆ ಮೂರ್ಛೆರೋಗವಾಗುವುದು ತೀರಾ ಕಡಿಮೆ. ಪ್ಯಾರಸಿಟಮಾಲ್ ಮಗುವಿನ ಮೈನೋವಿಗೆ, ಜ್ವರಕ್ಕೆ ಕೊಡಿ. ಮುಂದಿನ ಜ್ವರದಲ್ಲಿ ಫಿಟ್ಸ್ ಬಾರದಂತೆ ಅದು ಕಾಯುತ್ತದೆ ಎಂಬ ಖಾತರಿ ಇಲ್ಲ. ಇಂಥ ಮಕ್ಕಳಿಗೆ ಹಿಂದೆ ದಿನವೂ ಫಿನೋಬಾರ್ಬಿಟೋನ್ ಕೊಡುತ್ತಿದ್ದರು. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಎರಡು ವರ್ಷ ಆ ಔಷಧಿಯ ಗುಂಪಿನಲ್ಲಿದ್ದ ಮಕ್ಕಳ ಬುದ್ಧಿಮಟ್ಟದ ಅಂಕ ಸರಾಸರಿ ಏಳರಷ್ಟು ಕಡಿಮೆ ಬಂತು. ಆಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಸರಳ ಜ್ವರದ ಫಿಟ್ಸ್‌ಗೆ ಯಾರಾದರೂ ವರ್ಷಗಟ್ಟಲೆ ಔಷಧಿ ಬರೆದರೆ ಏಕೆಂದು ಕೇಳಿ.

ಇನ್ನೊಂದು ನಮ್ಮ ಕರ್ನಾಟಕದ್ದೇ. ಬಿಸಿನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ತಲೆಗೆ ಸುರಿಯುವಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಕಾಣುವಷ್ಟು ಬೇರೆ ಕಡೆ ವಿರಳ. ಬೆಂಗಳೂರಿನ ಡಾ. ಕೆ. ಎಸ್. ಮಣಿ, ನಂತರ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ಜಗತ್ತಿನ ವೈದ್ಯಲೋಕದ ಮುಂದೆ ಇಟ್ಟರು. ಯಳಂದೂರಿನ ಹಳ್ಳಿಗಳಲ್ಲಿ ಮಣಿಯವರ ತಂಡ ಮಾಡಿದ ಸಮೀಕ್ಷೆಯಲ್ಲೂ ಇಂಥ ರೋಗಿಗಳು ಗಣನೀಯವಾಗಿ ಕಂಡರು. ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮಗು ಮಂಕಾಗಿ ನೋಡುತ್ತದೆ, ಏನೇನೋ ಗೊಣಗುತ್ತದೆ. ಕೆಲವು ಮಕ್ಕಳು ಆ ಸ್ಥಿತಿಯಲ್ಲೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಮೊದಲ ಉಪಾಯ ಸರಳವಾದದ್ದು: ಉಗುರು ಬೆಚ್ಚಗಿನ ನೀರು, ಮೈಗೆ ಬೇರೆ ದಿನ, ತಲೆಗೆ ಬೇರೆ ದಿನ, ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅದು ಸಾಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮ ದಕ್ಷಿಣ ಭಾರತದ ವೈದ್ಯರೇ ಪರೀಕ್ಷಿಸಿ ಕಂಡುಕೊಂಡದ್ದು. ವೈದ್ಯರನ್ನು ಕೇಳಿಯೇ ಕೊಡಿ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಬರುವುದರಿಂದ ತಪಾಸಣೆ ತಪ್ಪಿಸಬೇಡಿ. ಬಚ್ಚಲಿಗೆ ಚಿಲಕ ಹಾಕದಿರಲಿ.

ಒಂದು ದಿನವೂ ಕಾಯಬಾರದ ಫಿಟ್ಸ್

ಮೂರರಿಂದ ಹನ್ನೆರಡು ತಿಂಗಳ ಕೂಸು. ನಿದ್ದೆಯಿಂದ ಈಗಷ್ಟೇ ಎದ್ದಿದೆ. ಇದ್ದಕ್ಕಿದ್ದಂತೆ ತಲೆ ಎದೆಯ ಕಡೆ ಬಾಗುತ್ತದೆ, ಎರಡೂ ತೋಳು ಮುಂದಕ್ಕೆ ಚಾಚುತ್ತವೆ, ಕಾಲು ಹೊಟ್ಟೆಗೆ ಸೇರುತ್ತವೆ. ಒಂದೆರಡು ಸೆಕೆಂಡ್, ಅಷ್ಟೇ. ಸಡಿಲವಾಗುತ್ತದೆ. ಹತ್ತು ಸೆಕೆಂಡ್ ಬಿಟ್ಟು ಮತ್ತೆ. ಮತ್ತೆ. ಹೀಗೆ ಸಾಲಾಗಿ ಹತ್ತು, ಇಪ್ಪತ್ತು, ಮೂವತ್ತು ಸಲ. ನಡುವೆ ಅಳು. ಮನೆಯ ಹಿರಿಯರು ಬೆಚ್ಚಿಬೀಳುತ್ತಿದೆ ಅನ್ನುತ್ತಾರೆ, ಹೊಟ್ಟೆನೋವು ಅನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಈ ನಡುವೆ ನಗುತ್ತಿದ್ದ ಮಗು ನಗುವುದನ್ನು ಬಿಡುತ್ತದೆ, ಕಣ್ಣಿಗೆ ಕಣ್ಣು ಕೂಡಿಸುವುದಿಲ್ಲ.

ಇದು ಇನ್‌ಫೆಂಟೈಲ್ ಸ್ಪಾಸಂ. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ತನ್ನ ಸ್ವಂತ ಮಗನಲ್ಲಿ ಕಂಡದ್ದನ್ನು ಲ್ಯಾನ್ಸೆಟ್ ಪತ್ರಿಕೆಗೆ ಬರೆದದ್ದು ಇದೇ. ವೆಸ್ಟ್ ಸಿಂಡ್ರೋಮ್ ಎಂಬ ಹೆಸರು ಅಲ್ಲಿಂದ ಬಂತು. ಸ್ಪಾಸಂ ನಡೆದಷ್ಟು ದಿನ ಮೆದುಳಿನ ಬೆಳವಣಿಗೆಗೆ ಪೆಟ್ಟು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಅಲೆಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಚಿಕಿತ್ಸೆ ಎಸಿಟಿಎಚ್ ಚುಚ್ಚುಮದ್ದು ಅಥವಾ ದೊಡ್ಡ ಪ್ರಮಾಣದ ಪ್ರೆಡ್ನಿಸೊಲೋನ್ (ಎರಡೂ ಹಾರ್ಮೋನ್ ಔಷಧಿಗಳು), ಜೊತೆಗೆ ಅಥವಾ ಬದಲಿಗೆ ವಿಗಾಬ್ಯಾಟ್ರಿನ್. 377 ಕೂಸುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹಾರ್ಮೋನ್, ವಿಗಾಬ್ಯಾಟ್ರಿನ್ ಎರಡನ್ನೂ ಕೂಡಿಸಿ ಕೊಟ್ಟಾಗ 72 ಶೇಕಡಾ ಮಕ್ಕಳಲ್ಲಿ ಸ್ಪಾಸಂ ನಿಂತಿತು, ಹಾರ್ಮೋನ್ ಒಂದನ್ನೇ ಕೊಟ್ಟಾಗ 57 ಶೇಕಡಾ. ಹದಿನೆಂಟು ತಿಂಗಳ ವಯಸ್ಸಿಗೆ ಬೆಳವಣಿಗೆ ಅಳೆದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ, ಆದರೆ ಯಾವ ಗುಂಪಿನಲ್ಲೇ ಆಗಲಿ, ಸ್ಪಾಸಂ ಬೇಗ ನಿಂತ ಮಕ್ಕಳು ಮುಂದಿದ್ದರು. ಯಾವ ಔಷಧಿ ಎಂಬ ಚರ್ಚೆಗಿಂತ ಯಾವ ದಿನ ಶುರುವಾಯಿತು ಎಂಬುದೇ ದೊಡ್ಡದು ಎಂದು ನಾನು ಇದರಿಂದ ತಿಳಿಯುತ್ತೇನೆ.

ಆದ್ದರಿಂದ ದೃಷ್ಟಿ ತೆಗೆಯಿರಿ, ದಾರ ಕಟ್ಟಿಸಿ, ಆದರೆ ಅದೇ ದಿನ ವೀಡಿಯೊ ಹಿಡಿದು ಮಕ್ಕಳ ವೈದ್ಯರ ಮುಂದೆ ಕೂರಿ. ಹುಟ್ಟಿದಾಗ ಅಳದ, ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ತೀರಾ ಇಳಿದಿದ್ದ ಮಕ್ಕಳಲ್ಲಿ ಇದು ನಮ್ಮ ದೇಶದಲ್ಲಿ ಹೆಚ್ಚು. ಅಂಥ ಕೂಸಿನ ತಂದೆತಾಯಿ ಮೊದಲ ವರ್ಷ ಕಣ್ಣಿಟ್ಟಿರಬೇಕು.

ಇಇಜಿ, ಸ್ಕ್ಯಾನ್

ಇಇಜಿಗೆ ಹೋಗುವ ಹಿಂದಿನ ದಿನ ತಲೆಗೆ ಶಾಂಪೂ ಹಾಕಿ ತೊಳೆಯಿರಿ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಣ್ಣೆಯ ಮೇಲೆ ಎಲೆಕ್ಟ್ರೋಡ್ ಕೂರುವುದಿಲ್ಲ. ನಿದ್ದೆ ಕಡಿಮೆ ಮಾಡಿಸಿ ಕರೆತನ್ನಿ ಎಂದಿದ್ದರೆ ಹಾಗೇ ಮಾಡಿ, ಬರುವ ದಾರಿಯಲ್ಲಿ ಬಸ್ಸಿನಲ್ಲಿ ಮಲಗಲು ಬಿಡಬೇಡಿ. ನಿದ್ದೆಯ ದಾಖಲೆ ಸಿಕ್ಕರೆ ಸುಳಿವು ಸಿಗುವ ಸಾಧ್ಯತೆ ಹೆಚ್ಚು. ಔಷಧಿ ಮಾತ್ರ ನಿಲ್ಲಿಸಬೇಡಿ. ನೋವಿಲ್ಲ, ಕರೆಂಟ್ ಕೊಡುವುದಿಲ್ಲ ಎಂದು ಮಗುವಿಗೆ ಮೊದಲೇ ಹೇಳಿ.

ಒಂದು ಇಇಜಿ ಸರಿಯಿದ್ದರೆ ಮೂರ್ಛೆರೋಗವಿಲ್ಲ ಎಂದಲ್ಲ. ರೋಗವಿರುವ ಹತ್ತು ಮಕ್ಕಳಲ್ಲಿ ಸುಮಾರು ಐವರಿಗೆ ಮಾತ್ರ ಮೊದಲ ದಾಖಲೆಯಲ್ಲಿ ಸುಳಿವು ಸಿಗುತ್ತದೆ. ಆರೋಗ್ಯವಂತ ಮಕ್ಕಳಲ್ಲೂ ಕೆಲವರ ಇಇಜಿ ಏರುಪೇರಾಗಿ ಬರುತ್ತದೆ. ಚಿಕಿತ್ಸೆ ಕೊಡಬೇಕಾದ್ದು ಮಗುವಿಗೆ, ಇಇಜಿಗಲ್ಲ.

ತರಗತಿಯಲ್ಲಿ ಓದುತ್ತ ಓದುತ್ತ ಹತ್ತು ಸೆಕೆಂಡ್ ನಿಂತು, ರೆಪ್ಪೆ ಮಿಟುಕಿಸಿ, ಏನೂ ಆಗದಂತೆ ಮುಂದುವರಿಯುವ ಮಗುವನ್ನು ಶಿಕ್ಷಕರು ಗಮನವಿಲ್ಲದವಳು ಎಂದು ಗದರುತ್ತಾರೆ. ದಿನಕ್ಕೆ ಹತ್ತಾರು ಸಲ ಹೀಗಾಗುತ್ತಿದ್ದರೆ ಅದು ಆಬ್ಸೆನ್ಸ್ ಎಪಿಲೆಪ್ಸಿ ಇರಬಹುದು. ವೈದ್ಯರು ಅವಳ ಕೈಗೆ ಗಾಳಿಗಿರಗಿಟ್ಟಲೆ ಕೊಟ್ಟು ಮೂರು ನಿಮಿಷ ಜೋರಾಗಿ ಊದಿಸುತ್ತಾರೆ. ಆಳವಾದ ಉಸಿರಿಗೆ ಕಣ್ಣೆದುರೇ ಆ ಕ್ಷಣ ಬಂದುಬಿಡುತ್ತದೆ.

ಎಂಆರ್‌ಐ ಎಲ್ಲರಿಗೂ ಬೇಡ. ಆಬ್ಸೆನ್ಸ್‌ಗೆ, ಸರಳ ಜ್ವರದ ಫಿಟ್ಸ್‌ಗೆ ಸಾಮಾನ್ಯವಾಗಿ ಬೇಕಿಲ್ಲ. ಒಂದು ಬದಿಯಿಂದ ಶುರುವಾಗುವ ಫಿಟ್ಸ್‌ಗೆ ಬೇಕು. ಸ್ಕ್ಯಾನಿನಲ್ಲಿ ಉಂಗುರದಂಥ ಒಂದು ಗಂಟು ಕಂಡರೆ ಗೆಡ್ಡೆ ಎಂದು ಕಂಗಾಲಾಗಬೇಡಿ. ಇಂಥ ಗಂಟುಗಳನ್ನು ಒಂದು ಕಾಲಕ್ಕೆ ಕ್ಷಯದ್ದೆಂದು ತಿಳಿದು ಔಷಧಿ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅವನ್ನು ಹೊರತೆಗೆದು ನೋಡಿದಾಗ ಹೆಚ್ಚಿನವು ಲಾಡಿಹುಳುವಿನ ಮರಿಕೋಶಗಳೆಂದು ತಿಳಿಯಿತು. ಹಂದಿಮಾಂಸ ಮುಟ್ಟದ ಮನೆಯ ಮಗುವಿಗೂ ತೊಳೆಯದ ಸೊಪ್ಪು, ಕೊಳಕು ಕೈ, ನೀರಿನ ಮೂಲಕ ಹುಳದ ಮೊಟ್ಟೆ ಸೇರಬಹುದು. ಸ್ಟೆರಾಯ್ಡ್, ಅಲ್ಬೆಂಡಜೋಲ್ ಮತ್ತು ಫಿಟ್ಸ್ ಔಷಧಿಯಲ್ಲಿ ಬಹುಪಾಲು ತಿಂಗಳುಗಳಲ್ಲಿ ಕರಗುತ್ತವೆ. ಹುಳದ ಔಷಧಿ ನೀವಾಗಿ ಕೊಡಬೇಡಿ. ಕಣ್ಣಿನೊಳಗೆ ಗಂಟಿದ್ದರೆ ಅಪಾಯ.

ಔಷಧಿ

ಯಾವುದೇ ಕಾರಣವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಫಿಟ್ಸ್ ಬಂದರೆ ಸಾಮಾನ್ಯವಾಗಿ ಔಷಧಿಯ ಮಾತು ಬರುತ್ತದೆ. ಒಂದೇ ಬಂದಿದ್ದರೂ ಮರುಕಳಿಸುವ ಸಂಭವ ಬಹಳವಿದ್ದರೆ ಮೊದಲೇ ಶುರುಮಾಡುತ್ತಾರೆ. ಫಿಟ್ಸ್‌ನ ಜಾತಿ ನೋಡಿ ಔಷಧಿ. ಕಾರ್ಬಮಜೆಪಿನ್ ಒಂದು ಬದಿಯ ಫಿಟ್ಸ್‌ಗೆ ಒಳ್ಳೆಯದು, ಆಬ್ಸೆನ್ಸ್ ಇರುವ ಮಗುವಿಗೆ ಕೊಟ್ಟರೆ ಹೆಚ್ಚಾಗುತ್ತದೆ. ಪಕ್ಕದ ಮನೆಯ ಮಗುವಿಗೆ ಗುಣವಾದ ಮಾತ್ರೆ ನಿಮ್ಮ ಮಗುವಿಗೆ ಹೊಂದಬೇಕಾಗಿಲ್ಲ ಎನ್ನುವುದು ಇದಕ್ಕೇ.

ಸಂಶೋಧನೆ ಎಷ್ಟು ನೇರವಾಗಿ ಮನೆಗೆ ಬರುತ್ತದೆ ಎಂಬುದಕ್ಕೆ ಆಬ್ಸೆನ್ಸ್ ಎಪಿಲೆಪ್ಸಿಯ ಅಧ್ಯಯನವೇ ಸಾಕು. ಅಮೆರಿಕದಲ್ಲಿ 453 ಮಕ್ಕಳಿಗೆ ಮೂರರಲ್ಲಿ ಒಂದು ಔಷಧಿ ಕೊಟ್ಟು ನೋಡಿದರು, 2010ರಲ್ಲಿ ಪ್ರಕಟವಾಯಿತು. ಹದಿನಾರು ವಾರದ ಹೊತ್ತಿಗೆ ಇಥೊಸಕ್ಸಿಮೈಡ್ 53 ಶೇಕಡಾ ಮಕ್ಕಳಲ್ಲಿ, ವಾಲ್‌ಪ್ರೋಯೇಟ್ 58 ಶೇಕಡಾದಲ್ಲಿ ಫಲ ಕೊಟ್ಟಿತ್ತು, ಲ್ಯಾಮೊಟ್ರಿಜಿನ್ 29 ಶೇಕಡಾದಲ್ಲಿ ಮಾತ್ರ. ಮೊದಲ ಎರಡರ ನಡುವೆ ಆಯ್ಕೆ ಹೇಗೆ? ಗಮನದ ಪರೀಕ್ಷೆ ಮಾಡಿದಾಗ ವಾಲ್‌ಪ್ರೋಯೇಟ್ ತೆಗೆದುಕೊಂಡವರಲ್ಲಿ 49 ಶೇಕಡಾ ಮಕ್ಕಳಿಗೆ ತೊಂದರೆಯಿತ್ತು, ಇಥೊಸಕ್ಸಿಮೈಡ್‌ನವರಲ್ಲಿ 33 ಶೇಕಡಾ. ಶಾಲೆಗೆ ಹೋಗುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಔಷಧಿ ಶುರುವಾದ ಮೊದಲ ವಾರಗಳಲ್ಲಿ, ಅದರಲ್ಲೂ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಆಗಿದ್ದರೆ, ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಕಂಡ ಗಂಟೆಯಲ್ಲೇ ವೈದ್ಯರಿಗೆ ಹೇಳಿ. ಲೆವಟಿರಸಿಟಾಮ್‌ನಲ್ಲಿ ಮಗು ಸಿಡುಕಾಗಬಹುದು. ಹಟಮಾರಿ ಎಂದು ಬೈಯುವ ಮೊದಲು ಔಷಧಿಯನ್ನು ನೆನೆಯಿರಿ. ಹೆಣ್ಣುಮಗುವಿಗೆ ವಾಲ್‌ಪ್ರೋಯೇಟ್ ಬರೆದಿದ್ದರೆ ಹರೆಯಕ್ಕೆ ಬರುವ ಮೊದಲೇ ಮುಂದೇನೆಂದು ಕೇಳಿ, ಗರ್ಭದ ಶಿಶುವಿಗೆ ಅದು ಹಾನಿ ಮಾಡುತ್ತದೆ.

ಸಿರಪ್ ಅಳೆಯಲು ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ. ಬ್ರಾಂಡ್ ಬದಲಿಸುವ ಮೊದಲು ಕೇಳಿ. ಮುಗಿಯಲು ಒಂದು ವಾರವಿರುವಾಗಲೇ ಹೊಸ ಬಾಟಲಿ ತನ್ನಿ. ಜಾತ್ರೆ, ಮದುವೆ, ರಜೆಯ ಊರಿನಲ್ಲಿ ತಪ್ಪಿಹೋಗುವ ಡೋಸ್‌ಗಳು, ಜೊತೆಗೆ ನಿದ್ದೆಗೇಡು, ನಿಂತಿದ್ದ ಫಿಟ್ಸ್ ಮರಳುವ ಮುಖ್ಯ ಕಾರಣಗಳು.

ಎರಡು ಔಷಧಿ ಸೋತರೆ

ಗ್ಲಾಸ್ಗೊದ ಕ್ವಾನ್ ಮತ್ತು ಬ್ರೋಡಿ 2000ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ದಾರಿ ತೋರಿಸುತ್ತಿದೆ. ಮಕ್ಕಳು, ದೊಡ್ಡವರು ಸೇರಿದ್ದ ಆ ಗುಂಪಿನಲ್ಲಿ ಮೊದಲ ಔಷಧಿಗೆ 47 ಶೇಕಡಾ, ಎರಡನೆಯದಕ್ಕೆ ಇನ್ನು 13 ಶೇಕಡಾ ಜನರ ಫಿಟ್ಸ್ ನಿಂತಿತು. ಮೂರನೆಯದರಿಂದ ಸಿಕ್ಕ ಲಾಭ ಅತ್ಯಲ್ಪ. ಸರಿಯಾಗಿ ಆರಿಸಿದ, ಸರಿಯಾದ ಪ್ರಮಾಣದ ಎರಡು ಔಷಧಿಗಳು ವಿಫಲವಾದರೆ ಮಾತ್ರೆ ಸೇರಿಸುತ್ತ ವರ್ಷ ಕಳೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ, ದೆಹಲಿಯ ಏಮ್ಸ್‌ನಂಥ ಕಡೆ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಪರೀಕ್ಷೆ ಮಾಡಿಸಿ.

ತಲೆಯ ಆಪರೇಷನ್ ಎಂದರೆ ಎದೆ ನಡುಗುತ್ತದೆ, ಸಹಜ. ಆದರೆ ಮಕ್ಕಳ ಮೇಲಿನ ಬಹುಮುಖ್ಯ ಪುರಾವೆ ನಮ್ಮ ದೇಶದಿಂದಲೇ ಬಂದಿದೆ. ಏಮ್ಸ್‌ನಲ್ಲಿ ಔಷಧಿಗೆ ಬಗ್ಗದ 116 ಮಕ್ಕಳನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು, 2017ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 77 ಶೇಕಡಾ ಮಕ್ಕಳ ಫಿಟ್ಸ್ ಪೂರ್ತಿ ನಿಂತಿತ್ತು, ಔಷಧಿ ಮಾತ್ರ ಪಡೆದವರಲ್ಲಿ 7 ಶೇಕಡಾ. ಬೆಲೆಯೂ ಇತ್ತು: ಶಸ್ತ್ರಚಿಕಿತ್ಸೆಯಾದವರಲ್ಲಿ ಮೂರನೇ ಒಂದರಷ್ಟು ಮಕ್ಕಳಿಗೆ ಗಂಭೀರ ತೊಂದರೆಗಳಾದವು, ಹೆಚ್ಚಾಗಿ ದೇಹದ ಒಂದು ಬದಿಯ ಬಲಹೀನತೆ. ಮೆದುಳಿನ ಅರ್ಧಭಾಗವನ್ನು ಬೇರ್ಪಡಿಸುವಂಥ ಆಪರೇಷನ್ನಿನಲ್ಲಿ ಅದು ಮೊದಲೇ ನಿರೀಕ್ಷಿಸಿದ್ದೇ. ನಿಮ್ಮ ಮಗುವಿಗೆ ಯಾವ ಬಗೆಯ ಆಪರೇಷನ್, ಏನು ಕಳೆದುಕೊಳ್ಳುವ ಸಂಭವ, ಮೊದಲೇ ಕೇಳಿ ಬರೆದುಕೊಳ್ಳಿ.

ಆಪರೇಷನ್ ಆಗದ ಮಕ್ಕಳಿಗೆ ಆಹಾರ ಚಿಕಿತ್ಸೆಯಿದೆ. ಏಮ್ಸ್ ವೈದ್ಯರೇ 102 ಮಕ್ಕಳಲ್ಲಿ ಮಾರ್ಪಡಿಸಿದ ಆಟ್ಕಿನ್ಸ್ ಪಥ್ಯ ಪರೀಕ್ಷಿಸಿದರು, 2013ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಪಥ್ಯದ ಗುಂಪಿನ ಅರ್ಧದಷ್ಟು ಮಕ್ಕಳ ಫಿಟ್ಸ್ ಅರ್ಧಕ್ಕಿಂತ ಕೆಳಗಿಳಿಯಿತು, ಇನ್ನೊಂದು ಗುಂಪಿನಲ್ಲಿ ಹತ್ತರಲ್ಲಿ ಒಬ್ಬರಿಗೆ. ಆ ಪಥ್ಯದಲ್ಲಿ ದಿನದ ಪಿಷ್ಟದ ಮಿತಿ ಹತ್ತು ಗ್ರಾಂ. ಒಂದು ಇಡ್ಲಿಗೆ ದಿನದ ಲೆಕ್ಕ ಬಹುತೇಕ ಮುಗಿಯುತ್ತದೆ. ಮುದ್ದೆ, ಅನ್ನ, ಬಾಳೆಹಣ್ಣು ಇಲ್ಲ. ತುಪ್ಪ, ಬೆಣ್ಣೆ, ಪನೀರ್, ಮೊಟ್ಟೆ, ತೆಂಗಿನೆಣ್ಣೆ ಯಥೇಚ್ಛ. ಮನೆಮಂದಿಯೆಲ್ಲ ಒಪ್ಪದೆ ಇದು ನಡೆಯದು, ಅಜ್ಜಿ ಕೈಗಿಟ್ಟ ಒಂದು ಬಿಸ್ಕತ್ತು ಸಾಕು ಕೆಡಿಸಲು. ಪಥ್ಯತಜ್ಞರ ಉಸ್ತುವಾರಿಯಿಲ್ಲದೆ ಯೂಟ್ಯೂಬ್ ನೋಡಿ ಶುರುಮಾಡಬೇಡಿ. ಸಿರಪ್‌ನ ಸಕ್ಕರೆಯನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಸಂಶೋಧನೆಗೆ ಸೇರಿಸುತ್ತೀರಾ ಎಂದು ಕೇಳಿದರೆ

ದೊಡ್ಡ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮೇಲೆ ಹೇಳಿದ ಪ್ರತಿಯೊಂದು ಅಂಕಿಯ ಹಿಂದೆ ಹೂಂ ಎಂದ ತಂದೆತಾಯಿ ಇದ್ದಾರೆ, ಅವರ ಋಣ ನಮ್ಮೆಲ್ಲರ ಮೇಲಿದೆ. ಹಾಗೆಂದು ಕಣ್ಣುಮುಚ್ಚಿ ಸಹಿ ಹಾಕಬೇಡಿ. ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳಿ, ಮನೆಗೆ ಒಯ್ದು ಓದಿ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದಲ್ಲಿ ನೋಂದಣಿಯಾಗಿದೆಯೇ, ಸಂಖ್ಯೆ ಎಷ್ಟು? 2009ರಿಂದ ಔಷಧ ಪ್ರಯೋಗಗಳಿಗೆ ಇದು ಕಡ್ಡಾಯ, ಯಾರು ಬೇಕಾದರೂ ತೆರೆದು ನೋಡಬಹುದು. ಸೇರದಿದ್ದರೆ ಮಗುವಿಗೆ ಯಾವ ಚಿಕಿತ್ಸೆ ಸಿಗುತ್ತದೆ? ಒಂದು ಗುಂಪಿಗೆ ಔಷಧಿಯಿಲ್ಲದ ಹುಸಿಮಾತ್ರೆಯೇ? ತೊಂದರೆಯಾದರೆ ಖರ್ಚು, ಪರಿಹಾರ ಯಾರದು? ರಾತ್ರಿ ಫಿಟ್ಸ್ ಬಂದರೆ ಯಾರಿಗೆ ಫೋನ್ ಮಾಡಬೇಕು? ನಡುವೆ ಬಿಟ್ಟು ಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಅದು ನಿಮ್ಮ ಹಕ್ಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ, ಹನ್ನೆರಡು ದಾಟಿದವರದನ್ನು ಬರಹದಲ್ಲಿ ಪಡೆಯಬೇಕು. ಮಗು ಬೇಡವೆಂದರೆ ಅದಕ್ಕೂ ಬೆಲೆಯಿದೆ.

ಶಾಲೆ, ಆಮೇಲೆ ಔಷಧಿ ನಿಲ್ಲಿಸುವುದು

ಶಾಲೆಗೆ ತಿಳಿಸಿ, ಮುಚ್ಚಿಡಬೇಡಿ. ಒಂದು ಹಾಳೆಯಲ್ಲಿ ಮಗುವಿನ ಫಿಟ್ಸ್ ಹೇಗಿರುತ್ತದೆ, ಏನು ಮಾಡಬೇಕು, ನಿಮ್ಮ ಫೋನ್ ಸಂಖ್ಯೆ ಬರೆದು ಕೊಡಿ. ಆಟ, ಓಟ ಎಲ್ಲ ಇರಲಿ. ಕೆರೆ, ಈಜುಕೊಳ, ಮರ ಹತ್ತುವ ಕಡೆ ಮಾತ್ರ ದೊಡ್ಡವರೊಬ್ಬರು ಕಣ್ಣಿಟ್ಟಿರಲಿ.

ಎರಡು ವರ್ಷ ಫಿಟ್ಸ್ ಬಾರದಿದ್ದರೆ ನಿಲ್ಲಿಸುವ ಮಾತು ತೆಗೆಯಬಹುದು. ನಿಲ್ಲಿಸಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಮತ್ತೆ ಬರುವುದಿಲ್ಲ. ಸುಮಾರು ಮೂರನೇ ಒಂದರಷ್ಟು ಮಂದಿಗೆ ಬರುತ್ತದೆ, ಅದೂ ಬಹುಪಾಲು ಮೊದಲ ವರ್ಷದೊಳಗೆ. ರೊಲ್ಯಾಂಡಿಕ್‌ನಂಥದ್ದಾದರೆ ಧೈರ್ಯ ಹೆಚ್ಚು. ಬೆಳಿಗ್ಗೆ ಎದ್ದೊಡನೆ ಕೈ ಜಗ್ಗಿ ಲೋಟ, ಬ್ರಷ್ ಕೆಳಗೆ ಬೀಳಿಸುವ ಹರೆಯದ ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿಯಾದರೆ ಎಚ್ಚರಿಕೆ ಹೆಚ್ಚು ಬೇಕು, ನಿಲ್ಲಿಸಿದಾಗ ಮರಳುವುದು ಅದರ ಸ್ವಭಾವ. ಒಮ್ಮೆಲೇ ಬಿಡುವಂತಿಲ್ಲ, ವಾರದಿಂದ ವಾರಕ್ಕೆ, ತಿಂಗಳಿಂದ ತಿಂಗಳಿಗೆ ಇಳಿಸಬೇಕು. ಪರೀಕ್ಷೆ, ದೂರದ ಪ್ರಯಾಣ ಇರುವ ತಿಂಗಳುಗಳನ್ನು ಬಿಟ್ಟು ಬೇಸಿಗೆ ರಜೆಯಲ್ಲಿ ಶುರುಮಾಡಿ, ಪ್ರಮಾಣ ಇಳಿಸುವ ದಿನಾಂಕಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟುಕೊಳ್ಳಿ, ಮಿಡಜೊಲಾಮ್ ಸ್ಪ್ರೇಯನ್ನು ಇನ್ನೊಂದು ವರ್ಷ ಮನೆಯಲ್ಲಿ ಇಟ್ಟಿರಿ.